ವೈಯಾಕರಣಿಯ ಮಗ

ಪರದೇಶದ ಸಂಗೀತವನ್ನು ಕಲಿತು, ಅದು ತನ್ನದೇ ಎನ್ನುವಷ್ಟು ಆಳಕ್ಕೆ ಇಳಿಯುವುದು ಮನುಷ್ಯನಿಗೆ ಸಾಧ್ಯವೆ? ಮಾತಿನ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಬಹುಕಾಲದಿಂದ ಕೇಳಿಕೊಂಡು ಬಂದಿದ್ದೇವೆ. ಶಾಲೆಯಲ್ಲಿ ಕಲಿತ ಪರಭಾಷೆಯಲ್ಲಿ ತಪ್ಪಿಲ್ಲದೆ ಬರೆಯಬಹುದು. ಆದರೆ ಆ ಭಾಷೆಯಲ್ಲಿ ನಗುವುದು, ಅಳುವುದು, ಜಗಳವಾಡುವುದು ಬೇರೆಯೇ ಮಾತು. ಸಂಗೀತದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಪದಕೋಶವಿಲ್ಲ, ಅರ್ಥ ಕೇಳಿದರೆ ಹೇಳುವವರಿಲ್ಲ. ಕಿವಿಯೇ ಗುರು, ಕಿವಿಯೇ ಪರೀಕ್ಷಕ. ಈ ಪ್ರಶ್ನೆಗೆ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟವರೊಬ್ಬರು ಜಪಾನಿನಲ್ಲಿದ್ದರು. ಅವರ ಹೆಸರು ಹಿಡೆಯೊ ಸೈಟೊ. ಅವರು ಚೆಲೋವಾದಕರು. ಲೋಕದ ಮಹಾವಾದಕರ ಸಾಲಿನಲ್ಲಿ ಅವರ ಹೆಸರನ್ನು ಯಾರೂ ಎಣಿಸುವುದಿಲ್ಲ. ಆದರೆ ಅವರಿಲ್ಲದಿದ್ದರೆ ಆ ಸಾಲಿನಲ್ಲಿ ಜಪಾನಿನ ಹೆಸರುಗಳು ಇಷ್ಟು ಬೇಗ, ಇಷ್ಟು ಸಂಖ್ಯೆಯಲ್ಲಿ ಬಂದು ಸೇರುತ್ತಿದ್ದುವೆ ಎಂಬುದು ಅನುಮಾನ.

ಚೆಲೋ ಎಂಬುದು ಪಿಟೀಲಿನ ಮನೆತನಕ್ಕೆ ಸೇರಿದ ವಾದ್ಯ. ಆದರೆ ಗಾತ್ರದಲ್ಲಿ ಬಹು ದೊಡ್ಡದು. ವಾದಕನು ಕುರ್ಚಿಯ ಮೇಲೆ ಕುಳಿತು, ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಎದೆಗೆ ಒರಗಿಸಿಕೊಂಡು, ಬಲಗೈಯ ಕಮಾನಿನಿಂದ ನುಡಿಸುತ್ತಾನೆ. ತಂತಿಗಳು ನಾಲ್ಕು. ದನಿ ಗಂಡಸಿನ ತುಂಬು ಕಂಠಕ್ಕೆ ಹತ್ತಿರವಾದದ್ದು. ನಮ್ಮ ವೀಣೆಗಿರುವಂತೆ ಇದಕ್ಕೆ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆಯೆಂಬುದನ್ನು ಎಡಗೈಯ ಬೆರಳು ತಾನೇ ಹುಡುಕಿಕೊಳ್ಳಬೇಕು. ಒಂದು ಕೂದಲೆಳೆಯಷ್ಟು ಜಾರಿದರೂ ಶ್ರುತಿ ಕೆಡುತ್ತದೆ. ಆದ್ದರಿಂದ ಎಳೆಯ ವಯಸ್ಸಿನಲ್ಲೇ ಬೆರಳನ್ನೂ ಕಿವಿಯನ್ನೂ ಒಟ್ಟಿಗೆ ಪಳಗಿಸಬೇಕಾದ ವಾದ್ಯ ಇದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಸೈಟೊ ಅವರ ಬಾಳಿನ ಕೊರಗೂ ಸಾಧನೆಯೂ ಒಟ್ಟಿಗೆ ತಿಳಿಯುತ್ತವೆ.

ಪಾಶ್ಚಾತ್ಯ ಸಂಗೀತವು ಜಪಾನಿಗೆ ಬಂದ ಬಗೆ ವಿಚಿತ್ರವಾದದ್ದು. ನಮ್ಮ ನಾಡಿಗೆ ಪಿಟೀಲು ಬಂತು. ನಾವು ವಾದ್ಯವನ್ನು ಮಾತ್ರ ಇಟ್ಟುಕೊಂಡು ಅದರಲ್ಲಿ ನಮ್ಮ ರಾಗಗಳನ್ನು ನುಡಿಸಿದೆವು. ಜಪಾನಿನವರು ವಾದ್ಯದ ಜೊತೆಗೆ ಸಂಗೀತವನ್ನೂ ಬರಮಾಡಿಕೊಂಡರು. ಅದೂ ಸರಕಾರದ ಅಪ್ಪಣೆಯಿಂದ! ಮೆಯಿಜಿ ಯುಗದಲ್ಲಿ, 1879ರಲ್ಲಿ, ಅಲ್ಲಿನ ವಿದ್ಯಾ ಇಲಾಖೆ ಸಂಗೀತದ ವಿಚಾರಣೆಗೆಂದೇ ಒಂದು ಕಚೇರಿಯನ್ನು ತೆರೆಯಿತು. ಅದರ ಮುಖ್ಯಸ್ಥ ಶೂಜಿ ಇಸಾವಾ. ಈತ ಅಮೆರಿಕದಲ್ಲಿ ಅಧ್ಯಾಪಕ ಶಿಕ್ಷಣ ಪಡೆಯುತ್ತಿದ್ದಾಗ ಪಾಶ್ಚಾತ್ಯ ಸ್ವರಶ್ರೇಣಿಯನ್ನು ಹಾಡಲಾರದೆ ಬಹಳ ಸಂಕಟಪಟ್ಟನಂತೆ. ಐದು ಸ್ವರಗಳ ಹಾಡಿಗೆ ಒಗ್ಗಿದ ಕಂಠಕ್ಕೆ ಏಳು ಸ್ವರಗಳ ಏಣಿಯಲ್ಲಿ ಎರಡು ಮೆಟ್ಟಿಲು ಸಿಕ್ಕಲೇ ಇಲ್ಲ. ಕಡೆಗೆ ಬೋಸ್ಟನ್ನಿನ ಲೂಥರ್ ವೈಟಿಂಗ್ ಮೇಸನ್ ಎಂಬ ಸಂಗೀತ ಶಿಕ್ಷಕನ ಬಳಿ ಕಲಿತು ಹಿಂದಿರುಗಿದ ಇಸಾವಾ, 1880ರಲ್ಲಿ ಆ ಗುರುವನ್ನೇ ಟೋಕಿಯೋಗೆ ಕರೆಸಿಕೊಂಡ. ಆ ಕಚೇರಿಯೇ 1887ರಲ್ಲಿ ಟೋಕಿಯೋ ಸಂಗೀತ ಶಾಲೆಯಾಯಿತು. 1907ರಲ್ಲಿ ಹೈನ್ರಿಕ್ ವೆರ್ಕ್‌ಮೈಸ್ಟರ್ ಎಂಬ ಜರ್ಮನ್ ಚೆಲೋವಾದಕ ಅಲ್ಲಿಗೆ ಅಧ್ಯಾಪಕನಾಗಿ ಬಂದ. ಜಪಾನಿನಲ್ಲಿ ಚೆಲೋ ಬೇರು ಬಿಟ್ಟದ್ದು ಹೀಗೆ.

ಹಿಡೆಯೊ ಸೈಟೊ ಹುಟ್ಟಿದ್ದು 1902ರ ಮೇ ತಿಂಗಳಲ್ಲಿ, ಟೋಕಿಯೋದಲ್ಲಿ. ಅವರ ತಂದೆ ಹಿಡೆಸಾಬುರೊ ಸೈಟೊ ಸಾಮಾನ್ಯ ವ್ಯಕ್ತಿಯಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿತವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಅವರಿಗೆ ಋಣಿಗಳು. ಇಂಗ್ಲಿಷ್ ವ್ಯಾಕರಣವನ್ನು ಸಂಪುಟಗಟ್ಟಲೆ ಬರೆದವರು. ನುಡಿಗಟ್ಟುಗಳನ್ನು ಒಂದೊಂದಾಗಿ ಬಿಡಿಸಿ ವಿಂಗಡಿಸಿ ದೊಡ್ಡ ನಿಘಂಟುಗಳನ್ನು ಕಟ್ಟಿದವರು. 1896ರಲ್ಲಿ ಟೋಕಿಯೋದಲ್ಲಿ ತಮ್ಮದೇ ಇಂಗ್ಲಿಷ್ ಶಾಲೆಯನ್ನು ತೆರೆದವರು. ಇಷ್ಟೆಲ್ಲ ಮಾಡಿದ ಈ ಮಹನೀಯರು ಒಮ್ಮೆಯಾದರೂ ಜಪಾನನ್ನು ಬಿಟ್ಟು ಹೊರಗೆ ಹೋದವರಲ್ಲ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಪರಭಾಷೆಯೊಂದು ಹುಟ್ಟಿನಿಂದ ಬಾರದಿದ್ದರೆ ಅದನ್ನು ನಿಯಮದಿಂದ ಹಿಡಿಯಬೇಕು. ನಿಯಮ ಸಾಕಷ್ಟು ಸೂಕ್ಷ್ಮವಾಗಿದ್ದರೆ ಹುಟ್ಟಿನಿಂದ ಬಂದವನ ಮಟ್ಟಕ್ಕೆ ಏರಲೂ ಬಹುದು. ತಂದೆಯ ಕೆಲಸದ ಹಿಂದಿದ್ದ ನಂಬಿಕೆ ಇದು. ಮಗನಿಗೆ ಆಸ್ತಿಯಾಗಿ ಬಂದದ್ದೂ ಇದೇ.

ಆದರೆ ಮಗನ ಒಲವು ನಿಘಂಟಿನ ಕಡೆಗಿರಲಿಲ್ಲ. ಮೊದಲು ಮ್ಯಾಂಡೊಲಿನ್ ಹಿಡಿದ ಹುಡುಗ, 16ರ ಸುಮಾರಿಗೆ ಚೆಲೋ ಹಿಡಿದ. ಯೂರೋಪಿನಲ್ಲಿ ಆ ವಯಸ್ಸಿಗೆ ಮಕ್ಕಳು ಸಭೆಗಳಲ್ಲಿ ನುಡಿಸಿ ಚಪ್ಪಾಳೆ ಗಿಟ್ಟಿಸುತ್ತಿರುತ್ತಾರೆ. ಈ ತಡದ ಅರಿವು ಸೈಟೊ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಟೋಕಿಯೋದ ಸೋಫಿಯಾ ವಿಶ್ವವಿದ್ಯಾನಿಲಯದಲ್ಲಿ ಜರ್ಮನ್ ಸಾಹಿತ್ಯದ ವ್ಯಾಸಂಗಕ್ಕೆ ಸೇರಿದರು. ಅದನ್ನು ನಡುವೆಯೇ ಬಿಟ್ಟರು. 1923ರಲ್ಲಿ, ಮುಂದೆ ಜಪಾನಿನ ಪ್ರಸಿದ್ಧ ವಾದ್ಯವೃಂದ ನಿರ್ದೇಶಕರಾದ ಹಿಡೆಮಾರೊ ಕೊನೊಯೆ ಅವರೊಡನೆ ಜರ್ಮನಿಗೆ ಹೊರಟರು. ಲೈಪ್ಜಿಗ್ ನಗರದ ಸಂಗೀತ ಶಾಲೆಯಲ್ಲಿ ಯೂಲಿಯುಸ್ ಕ್ಲೆಂಗಲ್ ಎಂಬ ವೃದ್ಧ ಗುರುವಿನ ಶಿಷ್ಯರಾದರು. ಕ್ಲೆಂಗಲ್ ಆ ಕಾಲದ ಚೆಲೋ ಶಿಕ್ಷಕರಲ್ಲಿ ಪಿತಾಮಹನಂತಿದ್ದವರು. ಫಾಯರ್‌ಮನ್, ಪ್ಯಾಟಿಗಾರ್ಸ್ಕಿಯಂಥ ಘನವಾದಕರು ಅವರ ಕೈಯಲ್ಲಿ ಪಳಗಿದವರು.

1927ರಲ್ಲಿ ಸೈಟೊ ತಾಯ್ನಾಡಿಗೆ ಹಿಂದಿರುಗಿದರು. ಹಿಂದಿನ ವರ್ಷವಷ್ಟೇ ಕೊನೊಯೆ ಅವರ ಮುಂದಾಳುತನದಲ್ಲಿ ಟೋಕಿಯೋದಲ್ಲಿ ‘ಹೊಸ ಸಿಂಫನಿ ವಾದ್ಯವೃಂದ’ ಹುಟ್ಟಿತ್ತು. ಇಂದು ಎನ್‌.ಎಚ್‌.ಕೆ. ಸಿಂಫನಿ ವಾದ್ಯವೃಂದವೆಂದು ಹೆಸರಾಗಿರುವುದು ಅದೇ. ಸೈಟೊ ಅದರ ಮುಖ್ಯ ಚೆಲೋವಾದಕರಾದರು. ಆ ದಿನಗಳಲ್ಲಿ ಚೆಲೋವಿನ ಮೋಹ ಜಪಾನಿನ ಹಳ್ಳಿಗಾಡನ್ನೂ ಮುಟ್ಟಿತ್ತೆಂಬುದಕ್ಕೆ ಸಾಹಿತ್ಯದಿಂದ ಒಂದು ನಿದರ್ಶನ ಕೊಡಬಹುದು. ಈಶಾನ್ಯ ಜಪಾನಿನ ಇವಾತೆ ಸೀಮೆಯ ಕವಿ ಕೆಂಜಿ ಮಿಯಾಜಾವಾ ರೈತರ ನಡುವೆ ಬದುಕುತ್ತಿದ್ದವನು. ಅವನು 1926ರ ಕೊನೆಯಲ್ಲಿ ಚೆಲೋವನ್ನು ಹೊತ್ತುಕೊಂಡು ಟೋಕಿಯೋಗೆ ಬಂದು, ಈ ಹೊಸ ವಾದ್ಯವೃಂದದವರೊಬ್ಬರಿಂದ ಮೂರೇ ದಿನಗಳಲ್ಲಿ ಪಾಠ ಹೇಳಿಸಿಕೊಂಡು ಹೋದ. ಅವನು ಸತ್ತ ಮೇಲೆ, 1934ರಲ್ಲಿ ಅಚ್ಚಾದ ಕಥೆಯೊಂದರ ನಾಯಕ ಗೋಶ್ ಎಂಬ ಚೆಲೋವಾದಕ. ಊರಿನ ಸಿನಿಮಾ ಮಂದಿರದ ಮೇಳದಲ್ಲಿ ಎಲ್ಲರಿಗಿಂತ ಕಡೆಯವನಾದ ಈತನ ಗುಡಿಸಲಿಗೆ ರಾತ್ರಿಗೊಂದು ಪ್ರಾಣಿ ಬಂದು, ತಿಳಿಯದಂತೆಯೇ ಅವನಿಗೆ ಪಾಠ ಹೇಳಿಹೋಗುತ್ತದೆ. ಆ ಕಥೆಯನ್ನು ಜಪಾನಿನ ಮಕ್ಕಳೆಲ್ಲ ಬಲ್ಲರು. ಮೂರು ದಿನದ ಪಾಠದ ಆಸೆ, ಗುರುವಿಲ್ಲದ ರಾತ್ರಿಗಳ ಅಭ್ಯಾಸ—ಒಂದು ಇಡೀ ತಲೆಮಾರಿನ ಸ್ಥಿತಿ ಅದಾಗಿತ್ತು.

ಸೈಟೊ ಅವರಿಗೆ ತಮ್ಮ ವಿದ್ಯೆ ಸಾಲದೆನ್ನಿಸಿತು. 1930ರಲ್ಲಿ ಮತ್ತೆ ಜರ್ಮನಿಗೆ ಹೋದರು; ಈ ಸಲ ಬರ್ಲಿನ್ನಿಗೆ. ಅಲ್ಲಿ ಅವರು ಗುರುವಾಗಿ ಆರಿಸಿಕೊಂಡದ್ದು ಇಮಾನ್ಯುಯೆಲ್ ಫಾಯರ್‌ಮನ್‌ರನ್ನು. ಇಲ್ಲಿ ಒಂದು ಸ್ವಾರಸ್ಯವಿದೆ. ಫಾಯರ್‌ಮನ್ ಹುಟ್ಟಿದ್ದೂ 1902ರಲ್ಲೇ, ಅದೂ ನವೆಂಬರಿನಲ್ಲಿ. ಎಂದರೆ ಗುರು ಶಿಷ್ಯನಿಗಿಂತ ಆರು ತಿಂಗಳು ಚಿಕ್ಕವರು! ಲೈಪ್ಜಿಗ್ಗಿನಲ್ಲಿ ಕ್ಲೆಂಗಲ್ಲರ ಬಳಿ ಹುಡುಗನಾಗಿದ್ದಾಗಲೇ ಕಲಿತು ಮುಗಿಸಿ, ಹದಿವಯಸ್ಸಿನಲ್ಲೇ ಅಧ್ಯಾಪಕರಾದ ಪ್ರತಿಭಾವಂತ ಅವರು. ಮೂವತ್ತರ ಹತ್ತಿರ ಬಂದ ಮನುಷ್ಯ, ತನ್ನ ನಾಡಿನಲ್ಲಿ ಮುಖ್ಯ ವಾದಕನೆನ್ನಿಸಿಕೊಂಡವನು, ತನಗಿಂತ ಕಿರಿಯನ ಮುಂದೆ ಕುಳಿತು ಕಮಾನು ಹಿಡಿಯುವುದನ್ನು ಮೊದಲಿನಿಂದ ಕಲಿಯುವುದೆಂದರೆ ಸುಲಭದ ಮಾತಲ್ಲ. ಅದಕ್ಕೆ ವಿನಯ ಬೇಕು. ವಿನಯಕ್ಕಿಂತ ಹೆಚ್ಚಾಗಿ ಹಸಿವು ಬೇಕು. ಒಬ್ಬನೇ ಗುರುವಿನ ಇಬ್ಬರು ಶಿಷ್ಯರಲ್ಲಿ ಒಬ್ಬನು ಇಷ್ಟು ಮುಂದೆ, ಇನ್ನೊಬ್ಬನು ಇಷ್ಟು ಹಿಂದೆ ಇರಲು ಕಾರಣವೇನೆಂಬ ಪ್ರಶ್ನೆ ಆ ಕೋಣೆಯಲ್ಲಿ ಅವರ ಎದುರಿಗೇ ಕುಳಿತಿತ್ತು. ಪ್ರತಿಭೆಯ ಅಂತರ ಒಂದು ಕಾರಣ, ನಿಜ. ಕಲಿಯಲು ತೊಡಗಿದ ವಯಸ್ಸಿನ ಅಂತರ ಇನ್ನೊಂದು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಉಂಟು. ಆದರೆ ಆ ಮದ್ದು ತನಗಲ್ಲ, ಮುಂದೆ ಹುಟ್ಟುವವರಿಗೆ.

1932ರಲ್ಲಿ ಸೈಟೊ ಹಿಂದಿರುಗಿದರು. ಮರುವರ್ಷ ಹಿಟ್ಲರನ ಆಳ್ವಿಕೆ ಬಂತು. ಯೆಹೂದಿಯಾದ ಫಾಯರ್‌ಮನ್ ಬರ್ಲಿನ್ನಿನ ಹುದ್ದೆಯನ್ನು ಕಳೆದುಕೊಂಡರು. ದೇಶಭ್ರಷ್ಟರಾಗಿ ಅಲೆದು, 1942ರಲ್ಲಿ ನ್ಯೂಯಾರ್ಕಿನಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಯೂರೋಪು ಹೊರದೂಡಿದ ಸಂಗೀತಗಾರರಲ್ಲಿ ಇನ್ನೊಬ್ಬರು ಜೋಸೆಫ್ ರೋಸೆನ್‌ಸ್ಟಾಕ್. ಅವರು 1936ರಲ್ಲಿ ಟೋಕಿಯೋಗೆ ಬಂದು ಹೊಸ ಸಿಂಫನಿ ವಾದ್ಯವೃಂದದ ನಿರ್ದೇಶಕರಾದರು. ಅತಿ ಕಟ್ಟುನಿಟ್ಟಿನ ಮನುಷ್ಯ. ಒಂದು ಸ್ವರ ಜಾರಿದರೂ ಸಹಿಸುತ್ತಿರಲಿಲ್ಲ. ಸೈಟೊ ತಮ್ಮ ಕುರ್ಚಿಯಲ್ಲಿ ಚೆಲೋ ನುಡಿಸುತ್ತ ನುಡಿಸುತ್ತಲೇ ಅವರ ಕೈಯ ಚಲನೆಯನ್ನು ಗಮನಿಸಿದರು. ನಿರ್ದೇಶನದ ವಿದ್ಯೆಯನ್ನು ಅವರಿಂದ ಕಲಿತರು. ಯುದ್ಧದ ಕೊನೆಯ ವರ್ಷಗಳಲ್ಲಿ ರೋಸೆನ್‌ಸ್ಟಾಕರನ್ನು ಕರುಯಿಜಾವಾ ಎಂಬ ಬೆಟ್ಟದೂರಿನಲ್ಲಿರಿಸಲಾಯಿತು. ಟೋಕಿಯೋ ಬಾಂಬಿನ ಬೆಂಕಿಯಲ್ಲಿ ಬೆಂದಿತು.

ಈ ಬೂದಿಯ ಮೇಲೆ, ಸೋಲಿನ ಮೂರು ವರ್ಷಗಳ ತರುವಾಯ, 1948ರಲ್ಲಿ, ಸೈಟೊ ತಮ್ಮ ನಿಜವಾದ ಕೆಲಸಕ್ಕೆ ಕೈಹಾಕಿದರು. ಪಿಯಾನೋವಾದಕ ಮೋಟೊನಾರಿ ಇಗುಚಿ, ಗಾಯಕ ಟಾಕೆಯೊ ಇಟೊ, ವಿಮರ್ಶಕ ಹಿಡೆಕಾಜು ಯೋಶಿಡಾ ಮೊದಲಾದವರೊಡನೆ ಸೇರಿ ಟೋಕಿಯೋದಲ್ಲಿ ‘ಮಕ್ಕಳಿಗಾಗಿ ಸಂಗೀತ ಶಾಲೆ’ಯನ್ನು ತೆರೆದರು. ಅನ್ನಕ್ಕೇ ಚೀಟಿ ಹಿಡಿದು ಸಾಲುನಿಲ್ಲುವ ಕಾಲ ಅದು. ಪಿಟೀಲು ಪಿಯಾನೋಗಳ ಪಾಠ ಯಾರಿಗೆ ಬೇಕು ಎಂದು ಯಾರಾದರೂ ಕೇಳಿದ್ದರೆ ತಪ್ಪೆನ್ನುವಂತಿರಲಿಲ್ಲ. ಆದರೂ ತಂದೆತಾಯಿಗಳು ಮಕ್ಕಳನ್ನು ಕರೆತಂದರು. ಶಾಲೆ ಬೆಳೆಯಿತು. ಮಕ್ಕಳು ದೊಡ್ಡವರಾದಂತೆ ಅವರಿಗೆ ಮುಂದಿನ ತರಗತಿ ಬೇಕಾಯಿತು. ಟೋಹೊ ಎಂಬ ಹೆಣ್ಣುಮಕ್ಕಳ ಪ್ರೌಢಶಾಲೆ 1952ರಲ್ಲಿ ಸಂಗೀತ ವಿಭಾಗವನ್ನು ತೆರೆದು ಗಂಡುಹುಡುಗರನ್ನೂ ಸೇರಿಸಿಕೊಂಡಿತು. 1955ರಲ್ಲಿ ಕಿರಿಯ ಕಾಲೇಜು, 1961ರಲ್ಲಿ ಪೂರ್ಣ ಪ್ರಮಾಣದ ಸಂಗೀತ ಕಾಲೇಜು ಆಯಿತು. ಮಕ್ಕಳೊಡನೆ ಶಾಲೆಯೂ ಒಂದೊಂದೇ ತರಗತಿ ತೇರ್ಗಡೆಯಾದಂತೆ!

ಪಾಠದ ಕ್ರಮ ಹೇಗಿತ್ತು? ಇಲ್ಲಿ ವೈಯಾಕರಣಿಯ ಮಗ ಕಾಣಿಸುತ್ತಾರೆ. ಯೂರೋಪಿನ ಹುಡುಗನಿಗೆ ಒಂದು ಸಾಲನ್ನು ಎಲ್ಲಿ ಏರಿಸಬೇಕು, ಎಲ್ಲಿ ಉಸಿರು ಬಿಡಬೇಕು, ಯಾವ ಸ್ವರದ ಮೇಲೆ ಭಾರ ಹಾಕಬೇಕು ಎಂಬುದು ಮನೆಯ ಗಾಳಿಯಲ್ಲೇ ಬರುತ್ತದೆ. ಜಪಾನಿನ ಹುಡುಗನಿಗೆ ಬರುವುದಿಲ್ಲ. ಹಾಗಾದರೆ ಆ ಗಾಳಿಯಲ್ಲಿ ಏನಿದೆಯೆಂಬುದನ್ನೇ ಬಿಡಿಸಿ ನೋಡಬೇಕು ಎಂದರು ಸೈಟೊ. ವಾಕ್ಯವನ್ನು ಕರ್ತೃ ಕರ್ಮ ಕ್ರಿಯೆಗಳಾಗಿ ಬಿಡಿಸುವಂತೆ ಅವರು ಸಂಗೀತದ ಸಾಲನ್ನು ಬಿಡಿಸಿದರು. ಇದೇ ರೀತಿ ನಿರ್ದೇಶಕನ ಕೈಚಲನೆಯನ್ನೂ ವಿಂಗಡಿಸಿದರು. ಕೈ ಬಿದ್ದು ಪುಟಿಯುವುದು ಒಂದು ಬಗೆ; ಅದಕ್ಕೆ ‘ತಟಾಕಿ’ ಎಂದರೆ ಹೊಡೆತ ಎಂದು ಹೆಸರು. ಬೊಗಸೆಯಲ್ಲಿ ನೀರನ್ನು ಮೊಗೆಯುವಂತೆ ಸಾಗುವುದು ಇನ್ನೊಂದು. ಒಂದೇ ವೇಗದಲ್ಲಿ ಹರಿಯುವುದು ಮತ್ತೊಂದು. ಹೀಗೆ ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಅಭ್ಯಾಸ. 1956ರಲ್ಲಿ ಇದೆಲ್ಲವನ್ನೂ ನಿರ್ದೇಶನದ ಪಠ್ಯಪುಸ್ತಕವಾಗಿ ಅಚ್ಚು ಹಾಕಿಸಿದರು. ಪ್ರತಿಭೆಯ ಗುಟ್ಟೆಂದು ಜನ ಕೈಮುಗಿದು ಸುಮ್ಮನಾಗುತ್ತಿದ್ದ ಒಂದು ವಿದ್ಯೆ, ಓದಿ ಕಲಿಯಬಹುದಾದ ಶಾಸ್ತ್ರವಾಯಿತು.

ಇದರಲ್ಲಿ ಅಪಾಯವಿಲ್ಲದಿಲ್ಲ. ವ್ಯಾಕರಣ ಕಲಿತವನೆಲ್ಲ ಕವಿಯಾಗುವುದಿಲ್ಲ ಎಂಬುದು ಭಾಷೆ ಕಲಿಸುವ ನಮ್ಮಂಥವರಿಗೆ ದಿನನಿತ್ಯದ ಅನುಭವ. ಸೂತ್ರ ಹಿಡಿದು ನುಡಿಸುವ ಹುಡುಗರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾಗುವ ಭಯವೂ ಉಂಟು. ಜಪಾನಿನ ವಾದಕರ ಬೆರಳು ತಪ್ಪುವುದಿಲ್ಲ, ಹೃದಯ ಮಾತ್ರ ಕಾಣುವುದಿಲ್ಲ ಎಂಬ ಆಕ್ಷೇಪಣೆ ಪಾಶ್ಚಾತ್ಯರಿಂದ ಎಷ್ಟೋ ವರ್ಷ ಕೇಳಿಬಂತು. ಸೈಟೊ ಅವರ ಕೋಪವೂ ಪ್ರಸಿದ್ಧವಾದದ್ದು. ಅವರ ಪಾಠದ ಕೋಣೆಯಿಂದ ಕಣ್ಣೊರೆಸಿಕೊಂಡು ಹೊರಬಂದ ಮಕ್ಕಳಿದ್ದರು. ಅದನ್ನು ಗುರುಭಕ್ತಿಯ ಹೆಸರಿನಲ್ಲಿ ಮುಚ್ಚಿಡಬೇಕಾಗಿಲ್ಲ. ಹಾಗೆಂದು ಅದೊಂದನ್ನೇ ಹಿಡಿದು ಅವರನ್ನು ಅಳೆಯುವುದೂ ನ್ಯಾಯವಲ್ಲ. ತಾನು ಹದಿನಾರಕ್ಕೆ ತೊಡಗಿ ಕಳೆದುಕೊಂಡ ಹತ್ತು ವರ್ಷಗಳನ್ನು ಈ ಮಕ್ಕಳು ಕಳೆದುಕೊಳ್ಳಬಾರದೆಂಬ ಆತುರ ಆ ಕೋಪದ ಹಿಂದಿತ್ತೆಂದು ತೋರುತ್ತದೆ. ಅವರ ಪದ್ಧತಿಗೆ ಸರಿಯಾದ ಪರೀಕ್ಷೆ ಶಿಷ್ಯರೇ. ಅವರಲ್ಲಿ ಒಬ್ಬ ಚೆಲೋವಾದಕರ ಬಾಳನ್ನು ಇಲ್ಲಿ ನೋಡಬಹುದು.

ಸುಯೋಶಿ ಸುಸುಮಿ ಹುಟ್ಟಿದ್ದು 1942ರಲ್ಲಿ, ಟೋಕಿಯೋದಲ್ಲಿ. ತಂದೆ ಸಂಗೀತಗಾರರು, ಮೊದಲ ಪಾಠ ಅವರಿಂದಲೇ. ಆಮೇಲೆ ಚಿಕ್ಕಂದಿನಲ್ಲೇ ಸೈಟೊ ಅವರ ಕೈಗೆ ಬಂದರು. ಗುರುವಿಗೆ ದೊರೆಯದ ಭಾಗ್ಯ ಶಿಷ್ಯನಿಗೆ ದೊರೆಯಿತು. ಎಳೆಯ ಬೆರಳಿಗೇ ವಿದ್ಯೆ ಹತ್ತಿತು. 1960ರಲ್ಲಿ ಎನ್‌.ಎಚ್‌.ಕೆ. ಸಿಂಫನಿ ವಾದ್ಯವೃಂದವು ಜಪಾನಿನ ಬಾನುಲಿಯ 35ನೆಯ ವರ್ಷದ ನೆನಪಿಗೆಂದು ಭಾರತ, ಸೋವಿಯತ್ ಒಕ್ಕೂಟ, ಯೂರೋಪುಗಳ ಪ್ರವಾಸ ಹೊರಟಾಗ, ಹದಿನೆಂಟು ವರ್ಷದ ಸುಸುಮಿ ಒಬ್ಬ ಮುಖ್ಯ ವಾದಕರಾಗಿ ಜೊತೆಗಿದ್ದರು. ಜರ್ಮನರಿಂದ ಕಲಿತ ಸಂಗೀತವನ್ನು ಜರ್ಮನರ ನೆರೆಹೊರೆಯಲ್ಲೇ ನುಡಿಸಿ ತೋರಿಸಲು ಹೊರಟ ಆ ವಾದ್ಯವೃಂದದ ದಾರಿಯಲ್ಲಿ ನಮ್ಮ ದೇಶವೂ ಇತ್ತೆಂಬುದು ನಾವು ನೆನೆಯತಕ್ಕ ಸಂಗತಿ.

ಮರುವರ್ಷ ಸುಸುಮಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಯಾನೋಶ್ ಸ್ಟಾರ್ಕರ್ ಅವರ ಶಿಷ್ಯರಾದರು. ಸ್ಟಾರ್ಕರ್ ಹಂಗೇರಿಯ ಬುಡಾಪೆಸ್ಟಿನವರು. ಯುದ್ಧಕಾಲದಲ್ಲಿ ಯೆಹೂದಿಯಾಗಿ ಸೆರೆಶಿಬಿರವನ್ನು ಕಂಡವರು. ಒಡಹುಟ್ಟಿದ ಇಬ್ಬರನ್ನು ಕಳೆದುಕೊಂಡವರು. ಅವರೂ ಕೈಯ ಪ್ರತಿಯೊಂದು ಚಲನೆಗೂ ಕಾರಣ ಕೇಳುವ ಶಿಕ್ಷಕರೇ. ಟೋಕಿಯೋದಲ್ಲಿ ಕಲಿತ ಸಂಗೀತದ ವ್ಯಾಕರಣ ಇಂಡಿಯಾನಾದಲ್ಲಿ ಅಪರಿಚಿತವೆನ್ನಿಸಲಿಲ್ಲ. 1963ರಲ್ಲಿ ಸುಸುಮಿ ಮ್ಯೂನಿಕ್ಕಿನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನವನ್ನೂ, ಬುಡಾಪೆಸ್ಟಿನಲ್ಲಿ ನಡೆದ ಕಸಾಲ್ಸ್ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನೂ ಪಡೆದರು. ಗುರು ತೊರೆದು ಬಂದ ಊರಿನಲ್ಲಿ ಶಿಷ್ಯನಿಗೆ ಗೆಲುವು! ಮುಂದೆ ಕಚೇರಿಗಳೊಡನೆ ಅಧ್ಯಾಪನವೂ ನಡೆಯಿತು: ಕೆನಡದಲ್ಲಿ, ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ, 1988ರಿಂದ 2006ರವರೆಗೆ ತಾವು ಕಲಿತ ಇಂಡಿಯಾನಾದಲ್ಲೇ. ಜಪಾನೀಯನೊಬ್ಬ ಅಮೆರಿಕದ ಮಕ್ಕಳಿಗೆ ಯೂರೋಪಿನ ಸಂಗೀತವನ್ನು ಕಲಿಸಿದ ಕಾಲ ಅದು. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಲೆಕ್ಕ ಅಲ್ಲಿ ತಲೆಕೆಳಗಾಯಿತು. 2004ರಿಂದ 2013ರವರೆಗೆ ಅವರು ಟೋಹೊ ಸಂಗೀತ ಕಾಲೇಜಿನ ಅಧ್ಯಕ್ಷರಾಗಿದ್ದರು. ತನ್ನ ಗುರು ಕಟ್ಟಿದ ಶಾಲೆಯ ಹೊಣೆಯನ್ನು ಹೊರುವುದಕ್ಕಿಂತ ಹೆಚ್ಚಿನ ಋಣಸಂದಾಯ ಯಾವುದಿದ್ದೀತು?

ಹೃದಯ ಕಾಣದೆಂಬ ಆಕ್ಷೇಪಣೆಗೆ ಉತ್ತರ ಬೇರೆ ದಿಕ್ಕಿನಿಂದಲೂ ಬಂತು. ಕಲಿತ ವಾದ್ಯದಲ್ಲಿ ತಮ್ಮ ಮಾತನ್ನು ಆಡಿಸುವ ರಚನಕಾರರು ಜಪಾನಿನಲ್ಲಿ ಹುಟ್ಟಿಕೊಂಡರು. 1960ರಲ್ಲಿ ತೋಶಿರೊ ಮಾಯುಜುಮಿ ಒಂಟಿ ಚೆಲೋಗೆಂದು ‘ಬುನ್‌ರಾಕು’ ಎಂಬ ಕೃತಿಯನ್ನು ರಚಿಸಿದರು. ಬುನ್‌ರಾಕು ಎಂದರೆ ಜಪಾನಿನ ಹಳೆಯ ಸೂತ್ರದ ಬೊಂಬೆಯಾಟದಂಥ ಕಲೆ. ಅಲ್ಲಿ ಬೊಂಬೆಗಳನ್ನು ಆಡಿಸುವುದು ಮಾತ್ರ ದಾರದಿಂದಲ್ಲ, ಕೈಯಿಂದ. ಆ ರಂಗದ ಶಾಮಿಸೆನ್ ವಾದ್ಯದ ಮೀಟೂ ಕಥೆ ಹೇಳುವವನ ಕಂಠದ ಏರಿಳಿತವೂ ಚೆಲೋವಿನ ತಂತಿಯಲ್ಲಿ ಕೇಳಿಬರುತ್ತವೆ. 1984ರಲ್ಲಿ ತೋರು ತಕೆಮಿತ್ಸು ಚೆಲೋಗೂ ವಾದ್ಯವೃಂದಕ್ಕೂ ‘ಒರಾಯನ್ ಮತ್ತು ಪ್ಲಯಡೀಸ್’ ಎಂಬ ಕೃತಿಯನ್ನು ಬರೆದರು. ಮೊದಲು ಪರರ ನುಡಿಯಲ್ಲಿ ತಪ್ಪಿಲ್ಲದೆ ಮಾತನಾಡಲು ಕಲಿತವರು, ಆಮೇಲೆ ಆ ನುಡಿಯಲ್ಲಿ ತಮ್ಮ ಅಜ್ಜಿಯ ಕಥೆಯನ್ನು ಹೇಳಿದಂತಾಯಿತು.

ಸೈಟೊ ಅವರ ಉಳಿದ ಶಿಷ್ಯರ ಹೆಸರನ್ನು ಹೇಳುತ್ತ ಹೋದರೆ ಪಟ್ಟಿ ಬೆಳೆಯುತ್ತದೆ. ರಗ್ಬಿ ಆಟದಲ್ಲಿ ಬೆರಳು ಮುರಿದುಕೊಂಡು ಪಿಯಾನೋ ಬಿಟ್ಟ ಸೆಯಿಜಿ ಒಜಾವಾ ಅವರಿಂದ ನಿರ್ದೇಶನ ಕಲಿತು, 1973ರಿಂದ 2002ರವರೆಗೆ ಅಮೆರಿಕದ ಬೋಸ್ಟನ್ ಸಿಂಫನಿಯ ಸೂತ್ರ ಹಿಡಿದರು. ಟೋಹೊವಿನಲ್ಲಿ ಕಲಿತ ನಾಲ್ವರು ತರುಣರು 1969ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ‘ಟೋಕಿಯೋ ಕ್ವಾರ್ಟೆಟ್’ ಮರುವರ್ಷವೇ ಮ್ಯೂನಿಕ್ಕಿನಲ್ಲಿ ಗೆದ್ದು, 2013ರವರೆಗೆ ಲೋಕದ ಶ್ರೇಷ್ಠ ಚತುಷ್ಟಯಗಳಲ್ಲಿ ಒಂದಾಗಿ ನಡೆಯಿತು. ತಾವು ಪಡೆಯಲಾರದ ಕೀರ್ತಿಯನ್ನು ಮಕ್ಕಳು ಪಡೆಯುವುದನ್ನು ಸೈಟೊ ಕಣ್ಣಾರೆ ಕಂಡರು. 1964ರಲ್ಲಿ ತಮ್ಮ ವಿದ್ಯಾರ್ಥಿಗಳ ವಾದ್ಯವೃಂದವನ್ನು ಅಮೆರಿಕಕ್ಕೂ, 1970ರಲ್ಲಿ ಯೂರೋಪಿಗೂ ಕರೆದೊಯ್ದರು.

1974ರ ಬೇಸಗೆಯಲ್ಲಿ ನಾಗಾನೊ ಸೀಮೆಯ ಶಿಗಾ ಬೆಟ್ಟದ ಮೇಲೆ ವಿದ್ಯಾರ್ಥಿಗಳ ಶಿಬಿರ ನಡೆಯಿತು. ರೋಗದಿಂದ ಕುಗ್ಗಿಹೋಗಿದ್ದ ಸೈಟೊ ಗಾಲಿಕುರ್ಚಿಯಲ್ಲಿ ಕುಳಿತೇ ಮೊಜಾರ್ಟನ ಕೃತಿಯೊಂದನ್ನು ನಿರ್ದೇಶಿಸಿದರು. ಆ ವರ್ಷದ ಸೆಪ್ಟೆಂಬರ್ 18ರಂದು ತೀರಿಕೊಂಡರು. ಹತ್ತು ವರ್ಷಗಳ ಮೇಲೆ, 1984ರಲ್ಲಿ, ಒಜಾವಾ ಮತ್ತು ಕಾಜುಯೋಶಿ ಅಕಿಯಾಮಾ ಅವರ ಕರೆಗೆ ಓಗೊಟ್ಟು, ಲೋಕದ ನಾನಾ ಮೂಲೆಗಳ ವಾದ್ಯವೃಂದಗಳಲ್ಲಿ ಹರಡಿಹೋಗಿದ್ದ ನೂರಕ್ಕೂ ಮಿಕ್ಕ ಶಿಷ್ಯರು ಗುರುವಿನ ನೆನಪಿಗಾಗಿ ಒಂದೆಡೆ ಸೇರಿ ನುಡಿಸಿದರು. ಬೇರೆ ಬೇರೆ ದೇಶಗಳಲ್ಲಿ ಬಾಳಿದ ಈ ಜನರ ಕಮಾನುಗಳು ಒಂದೇ ಉಸಿರಿನಲ್ಲಿ ಚಲಿಸಿದುವು. ಒಂದೇ ಮನೆಯಲ್ಲಿ ಮಾತು ಕಲಿತವರ ಉಚ್ಚಾರಣೆಯಂತೆ. ‘ಸೈಟೊ ಸ್ಮಾರಕ ವಾದ್ಯವೃಂದ’ ಹುಟ್ಟಿದ್ದು ಹೀಗೆ. 1992ರಿಂದ ಮತ್ಸುಮೊಟೊ ನಗರದಲ್ಲಿ ಅದರ ವಾರ್ಷಿಕ ಉತ್ಸವ ಆರಂಭವಾಯಿತು. 2015ರಲ್ಲಿ ಆ ಉತ್ಸವಕ್ಕೆ ಒಜಾವಾ ಅವರ ಹೆಸರನ್ನಿಟ್ಟರು. ಗುರುವಿನ ಹೆಸರು ವಾದ್ಯವೃಂದಕ್ಕೆ, ಶಿಷ್ಯನ ಹೆಸರು ಉತ್ಸವಕ್ಕೆ. ಆ ಶಿಷ್ಯರೂ 2024ರಲ್ಲಿ ಕಣ್ಮುಚ್ಚಿದರು.

ಪರರ ಸಂಗೀತ ನಮ್ಮದಾಗುವುದೆ ಎಂದು ಕೇಳಿದೆವು. ಒಬ್ಬನ ಆಯುಷ್ಯದಲ್ಲಿ ಆಗದೆ ಇರಬಹುದು. ಸೈಟೊ ಅವರ ಬೆರಳಿಗೆ ಅದು ಪೂರ್ತಿ ಒಲಿಯಲಿಲ್ಲ. ಅದನ್ನು ಅವರು ಬಲ್ಲರು. ಬಲ್ಲವರಾದುದರಿಂದಲೇ ತಾವು ನುಡಿಸುವುದನ್ನು ಹಿಂದಿಟ್ಟು, ಕಲಿಸುವುದನ್ನು ಮುಂದಿಟ್ಟರು. ಇಸಾವಾನ ಕಂಠಕ್ಕೆ ಸಿಕ್ಕದ ಎರಡು ಸ್ವರಗಳು ಮೂರು ತಲೆಮಾರು ಕಳೆಯುವುದರೊಳಗೆ ಟೋಕಿಯೋದ ಮಕ್ಕಳಿಗೆ ತೊದಲುನುಡಿಯಷ್ಟು ಸಹಜವಾದುವು. ತಾನು ದಾಟಲಾರದ ಹೊಳೆಗೆ ಸೇತುವೆ ಕಟ್ಟಿ, ದಾಟುವವರನ್ನು ದಡದಲ್ಲಿ ನಿಂತು ನೋಡಿ ಸಂತೋಷಪಡುವವನನ್ನು ಲೋಕ ಮಹಾಕಲಾವಿದನೆಂದು ಕರೆಯುವುದಿಲ್ಲ. ಉಪಾಧ್ಯಾಯನೆಂದು ಕರೆಯುತ್ತದೆ. ಆ ಹೆಸರೇನೂ ಚಿಕ್ಕದಲ್ಲ.